ಪಿಕಪ್ ಗಾಡಿಗೆ ಪಿಕಪ್ಪೇ ಇಲ್ಲ: ಹಳೆಯ ಡೀಸೆಲ್ ಗಾಡಿ ಎಳೆಯದಿದ್ದರೆ ‘ಬೋರ್ ಹೋಗಿದೆ’ ಎನ್ನುವುದು ಎಷ್ಟು ನಿಜ?

ಡೀಸೆಲ್ ಟ್ಯಾಂಕಿಗೆ ನಾಲ್ಕು ನ್ಯಾಫ್ತಲೀನ್ ಗುಂಡು ಹಾಕಿದರೆ ಹಳೆಯ ಗಾಡಿಯೂ ಹೊಸದರಂತೆ ಎಳೆಯುತ್ತದೆಯಂತೆ. ಒಂದೆರಡು ಲೀಟರ್ ಪೆಟ್ರೋಲ್ ಬೆರೆಸಿದರೆ ಎಂಜಿನ್ ‘ಕ್ಲೀನ್’ ಆಗುತ್ತದಂತೆ. ಡೀಸೆಲ್ ಪೈಪಿಗೆ ಅಯಸ್ಕಾಂತ ಕಟ್ಟಿದರೆ ಮೈಲೇಜೂ ಪವರೂ ಎರಡೂ ಏರುತ್ತವಂತೆ. ಚಾಲಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಸಲಹೆಗಳು ವರ್ಷವಿಡೀ ಸುತ್ತುತ್ತಿರುತ್ತವೆ. ಇವನ್ನೆಲ್ಲ ಮಾಡಿ ನೋಡಿದವರು ಕೊನೆಗೆ ಗ್ಯಾರೇಜಿಗೆ ಹೋದರೆ ಅಲ್ಲಿ ಕೇಳಿಬರುವ ಮಾತು ಒಂದೇ: ‘ಬೋರ್ ಹೋಗಿದೆ ಅಣ್ಣಾ, ಎಂಜಿನ್ ಇಳಿಸಬೇಕು.’

ಟೊಮೆಟೊ, ಎಳನೀರು, ಶುಂಠಿ, ಸಿಮೆಂಟು ಸಾಗಿಸಿ ದಿನದ ದುಡಿಮೆ ನೋಡುವವರಿಗೆ ಎಂಜಿನ್ ಇಳಿಸುವುದೆಂದರೆ ಸಣ್ಣ ಮಾತಲ್ಲ. ಹತ್ತಾರು ಸಾವಿರ ರೂಪಾಯಿ ಖರ್ಚಾಗುತ್ತದೆ. ಗಾಡಿ ವಾರಗಟ್ಟಲೆ ಶೆಡ್ಡಿನಲ್ಲಿ ನಿಲ್ಲುತ್ತದೆ, ಬಾಡಿಗೆ ಬೇರೆಯವರ ಪಾಲಾಗುತ್ತದೆ. ಇಷ್ಟೆಲ್ಲ ಆದ ಮೇಲೆ ನಿಜವಾದ ದೋಷ ಟ್ಯಾಂಕಿನ ಮುಚ್ಚಳದಲ್ಲೋ ಕೆಲವು ನೂರು ರೂಪಾಯಿಯ ಡೀಸೆಲ್ ಫಿಲ್ಟರಿನಲ್ಲೋ ಇದ್ದಿದ್ದರೆ? ಎಂಜಿನ್ ಶಕ್ತಿ ಕಳೆದುಕೊಳ್ಳುವುದು ಹೇಗೆ, ಕಾರಣ ಹುಡುಕುವಾಗ ಯಾವುದನ್ನು ಮೊದಲು ನೋಡಬೇಕು ಎಂಬುದನ್ನು ಇಲ್ಲಿ ನೋಡೋಣ. ನಮ್ಮಲ್ಲಿ ಈ ವರ್ಗದ ಹಳೆಯ ಗಾಡಿಗಳಲ್ಲಿ ಹೆಚ್ಚಿನವು ಡೀಸೆಲ್ ಆದ್ದರಿಂದ ಮಾತೆಲ್ಲ ಡೀಸೆಲ್ ಎಂಜಿನ್ನಿನದೇ.

ನಿಜಕ್ಕೂ ಪವರ್ ಕಡಿಮೆಯಾಗಿದೆಯೇ?

ಗಾಡಿ ಎಳೆಯುತ್ತಿಲ್ಲ ಎನ್ನುವುದು ಒಂದು ಅನಿಸಿಕೆ. ಅದನ್ನು ಮೊದಲು ಲೆಕ್ಕಕ್ಕೆ ತರಬೇಕು. ಗಾಡಿ, ಸರಕು, ಚಾಲಕ ಎಲ್ಲ ಸೇರಿ 3 ಟನ್ ತೂಕ ಎಂದುಕೊಳ್ಳಿ. ಪ್ರತಿ 15 ಮೀಟರಿಗೆ 1 ಮೀಟರ್ ಏರುವ ಘಾಟಿ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗಲು ಬರೀ ಏರುವುದಕ್ಕೇ ಸುಮಾರು 22 ಅಶ್ವಶಕ್ತಿ ಬೇಕು. ಟೈರು ಉರುಳುವ ತಡೆಗೆ ಇನ್ನೊಂದು 5. ಅದೇ ಗಾಡಿಗೆ ಇನ್ನೂ ಒಂದು ಟನ್ ಹೇರಿದರೆ ಒಟ್ಟು 36ರ ಹತ್ತಿರ ಹೋಗುತ್ತದೆ. ಹಳೆಯ ಪಿಕಪ್‌ಗಳ ಎಂಜಿನ್ ಹೊಸದಿದ್ದಾಗಲೇ ಅರವತ್ತು ಎಪ್ಪತ್ತು ಅಶ್ವಶಕ್ತಿಯ ಆಸುಪಾಸಿನವು. ಆ ಅಂಕಿ ಕೂಡ ಎಂಜಿನ್ ಪೂರ್ತಿ ಆರ್‌ಪಿಎಂನಲ್ಲಿ ತಿರುಗುವಾಗ ಮಾತ್ರ ಸಿಗುವಂಥದ್ದು. ಹಾಗಾಗಿ ಮೊದಲ ಪ್ರಶ್ನೆ: ಗಾಡಿ ಬದಲಾಯಿತೋ, ಲೋಡು ಬದಲಾಯಿತೋ? ಆರ್‌ಸಿಯಲ್ಲಿ ಬರೆದಿರುವ ಒಟ್ಟು ತೂಕವನ್ನು ಒಮ್ಮೆ ತೆಗೆದು ನೋಡಿ, ಹತ್ತಿರದ ವೇ ಬ್ರಿಜ್‌ನಲ್ಲಿ ಒಮ್ಮೆ ತೂಗಿಸಿ. ಉತ್ತರ ಅಲ್ಲೇ ಸಿಕ್ಕರೂ ಸಿಗಬಹುದು.

ಊರಿನ ಎತ್ತರಕ್ಕೂ ಇದರಲ್ಲಿ ಪಾಲಿದೆ. ಮಂಗಳೂರಿನ ಕಡಲ ಮಟ್ಟಕ್ಕಿಂತ ಮಡಿಕೇರಿಯ ಎತ್ತರದಲ್ಲಿ ಗಾಳಿ ಸುಮಾರು ಶೇ. 10ರಷ್ಟು ತೆಳು. ಟರ್ಬೊ ಇಲ್ಲದ ಹಳೆಯ ಎಂಜಿನ್ ಅಲ್ಲಿ ಹೆಚ್ಚೂಕಡಿಮೆ ಅಷ್ಟೇ ಪಾಲು ಶಕ್ತಿ ಕಳೆದುಕೊಳ್ಳುತ್ತದೆ, ಅದು ದೋಷವಲ್ಲ. ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿ ಬಿಸಿಲಲ್ಲೂ ಗಾಳಿ ಹಿಗ್ಗಿ ತೆಳುವಾಗುತ್ತದೆ. 20 ಡಿಗ್ರಿಯ ಬೆಳಗಿಗೆ ಹೋಲಿಸಿದರೆ ಶೇ. 6ರಷ್ಟು. ಬೇಸಿಗೆಯಲ್ಲಿ ಗಾಡಿ ಮಂಕು, ಮಳೆಗಾಲದಲ್ಲಿ ಚುರುಕು ಎಂದು ಹಳೆಯ ಚಾಲಕರು ಹೇಳುವುದರಲ್ಲಿ ಹುರುಳಿದೆ.

ಅಳೆಯುವುದಕ್ಕೆ ದುಬಾರಿ ಯಂತ್ರ ಬೇಕಿಲ್ಲ, ಕೈಯಲ್ಲಿರುವ ಮೊಬೈಲ್ ಸಾಕು. ನಿಮಗೆ ಗೊತ್ತಿರುವ, ವಾಹನ ಸಂಚಾರ ಕಡಿಮೆ ಇರುವ ಒಂದು ಏರು ಆರಿಸಿ. ಕೆಳಗಿನ ಒಂದು ಮೈಲಿಗಲ್ಲಿನಿಂದ ಮೇಲಿನ ಒಂದು ಮರದವರೆಗೆ, ಅದೇ ಗೇರಿನಲ್ಲಿ, ಖಾಲಿ ಗಾಡಿಯಲ್ಲಿ ಎಷ್ಟು ಸೆಕೆಂಡು ಬೇಕು ಎಂದು ಪಕ್ಕ ಕುಳಿತವರು ಸ್ಟಾಪ್‌ವಾಚ್ ಹಿಡಿಯಲಿ. ಮೂರು ಸಲ ಮಾಡಿ ಬರೆದಿಟ್ಟುಕೊಳ್ಳಿ. ಒಂದೊಂದು ರಿಪೇರಿ ಆದ ಮೇಲೂ ಅದೇ ಏರಿನಲ್ಲಿ ಮತ್ತೆ ಅಳೆಯಿರಿ. ‘ಈಗ ಸ್ವಲ್ಪ ಪರವಾಗಿಲ್ಲ ಅನ್ನಿಸ್ತಿದೆ’ ಎಂಬ ಮಾತು ದುಡ್ಡು ಖರ್ಚು ಮಾಡಿದವರ ಬಾಯಲ್ಲಿ ತಾನಾಗಿ ಬರುತ್ತದೆ. ಸೆಕೆಂಡಿನ ಲೆಕ್ಕಕ್ಕೆ ಆ ದಾಕ್ಷಿಣ್ಯ ಇಲ್ಲ.

ತಪ್ಪು ಎಂಜಿನ್ನಿನದಲ್ಲದೆ ಇರಬಹುದು

ಎಂಜಿನ್ ಸರಿಯಾಗಿಯೇ ದುಡಿಯುತ್ತಿದ್ದು ಆ ದುಡಿಮೆ ಚಕ್ರಕ್ಕೆ ತಲುಪದೆ ಇರುವ ಸಾಧ್ಯತೆಯೂ ಇದೆ. ಏರಿನಲ್ಲಿ ಆಕ್ಸಿಲರೇಟರ್ ತುಳಿದಾಗ ಎಂಜಿನ್ ಸದ್ದು ಮಾತ್ರ ಜೋರಾಗಿ ಗಾಡಿ ವೇಗ ಏರದಿದ್ದರೆ, ಜೊತೆಗೆ ಸುಟ್ಟ ವಾಸನೆ ಬಂದರೆ, ಜಾರುತ್ತಿರುವುದು ಕ್ಲಚ್ ಪ್ಲೇಟು. ಸಮತಟ್ಟಾದ ಜಾಗದಲ್ಲಿ, ಗಾಡಿಯ ಮುಂದೆ ಯಾರೂ ಇಲ್ಲದಾಗ, ಹ್ಯಾಂಡ್‌ಬ್ರೇಕ್ ಎಳೆದು ಟಾಪ್ ಗೇರಿಗೆ ಹಾಕಿ ಕ್ಲಚ್ ನಿಧಾನವಾಗಿ ಬಿಡಿ. ಕ್ಲಚ್ ಚೆನ್ನಾಗಿದ್ದರೆ ಎಂಜಿನ್ ಆಫ್ ಆಗಬೇಕು. ಆಫ್ ಆಗದೆ ತಿರುಗುತ್ತಲೇ ಇದ್ದರೆ ಕಾರಣ ಸಿಕ್ಕಿತು. ಈ ಪರೀಕ್ಷೆ ಒಂದೇ ಸಲ ಸಾಕು, ಪದೇ ಪದೇ ಮಾಡಿದರೆ ಉಳಿದ ಪ್ಲೇಟೂ ಸುಡುತ್ತದೆ.

ಬ್ರೇಕ್ ಹಿಡಿದುಕೊಂಡಿರುವುದು ಇನ್ನೊಂದು. ಹೆಚ್ಚು ಬ್ರೇಕ್ ಬಳಸದೆ ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರಗಳ ಹತ್ತಿರ ಅಂಗೈ ಒಡ್ಡಿ. ಮುಟ್ಟಬೇಡಿ, ಸುಡುತ್ತದೆ. ಒಂದು ಚಕ್ರ ಮಾತ್ರ ಕಾದ ಹಂಚಿನಂತಿದ್ದರೆ ಅಲ್ಲಿ ಬ್ರೇಕೋ ಬೇರಿಂಗೋ ಜಾಮಾಗಿದೆ. ಗಾಳಿ ಕಡಿಮೆಯಿರುವ ಟೈರು ಕೂಡ ಎಂಜಿನ್ ಶಕ್ತಿಯನ್ನು ಬಿಸಿಯಾಗಿ ಕಳೆಯುತ್ತದೆ.

ಇನ್ನೂ ಸುಲಭದ್ದೊಂದಿದೆ. ಹಳೆಯ ಗಾಡಿಗಳಲ್ಲಿ ಆಕ್ಸಿಲರೇಟರ್ ಪೆಡಲಿನಿಂದ ಡೀಸೆಲ್ ಪಂಪಿಗೆ ಕೇಬಲ್ ಇರುತ್ತದೆ. ಅದು ಸಡಿಲವಾಗಿದ್ದರೆ, ಅಥವಾ ಪೆಡಲಿನ ಕೆಳಗೆ ದಪ್ಪ ಮ್ಯಾಟ್ ಇದ್ದರೆ, ನೀವು ಪೂರ್ತಿ ತುಳಿದರೂ ಪಂಪಿನ ಲಿವರ್ ಮುಕ್ಕಾಲು ಮಾತ್ರ ತೆರೆಯುತ್ತದೆ. ಎಂಜಿನ್ ಆಫ್ ಇರುವಾಗ ಒಬ್ಬರು ಪೂರ್ತಿ ತುಳಿಯಲಿ, ಇನ್ನೊಬ್ಬರು ಬಾನೆಟ್ ಎತ್ತಿ ಲಿವರ್ ತನ್ನ ಕೊನೆಯ ತಡೆಗೆ ಬಡಿಯುತ್ತದೆಯೇ ನೋಡಲಿ. ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ ಇದು. ಎಂಜಿನ್ ಇಳಿಸುವ ಮಾತಿಗೆ ಮುಂಚೆ ಇದನ್ನು ನೋಡಿದ್ದೀರಾ ಎಂದು ಕೇಳಿದರೆ ಯಾವ ಮೆಕ್ಯಾನಿಕ್ಕೂ ಬೇಸರಪಟ್ಟುಕೊಳ್ಳಬಾರದು.

ಒಂದು ಲೀಟರ್ ಡೀಸೆಲಿಗೆ ಹತ್ತು ಸಾವಿರ ಲೀಟರ್ ಗಾಳಿ

ಈಗ ಎಂಜಿನ್ ಒಳಗೆ ಬರೋಣ. ಪೆಟ್ರೋಲ್ ಎಂಜಿನ್ನಿನಂತೆ ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಹದಿನಾರರಿಂದ ಇಪ್ಪತ್ತೆರಡು ಪಟ್ಟು ಒತ್ತಿ ಕುಗ್ಗಿಸಿದಾಗ ಆ ಗಾಳಿ ಕೆಂಡದಂತೆ ಕಾಯುತ್ತದೆ. ಅದರೊಳಗೆ ಇಂಜೆಕ್ಟರ್ ಮಂಜಿನಂತೆ ಡೀಸೆಲ್ ಸಿಂಪಡಿಸಿದಾಗ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಸೈಕಲ್ ಪಂಪಿನ ತುದಿ ಗಾಳಿ ಹೊಡೆಯುವಾಗ ಬಿಸಿಯಾಗುವುದನ್ನು ನೋಡಿದವರಿಗೆ ಇದು ಹೊಸದಲ್ಲ.

ಹಾಗಾದರೆ ಶಕ್ತಿಗೆ ಬೇಕಾದದ್ದು ನಾಲ್ಕು: ಸಾಕಷ್ಟು ಗಾಳಿ, ಸಾಕಷ್ಟು ಡೀಸೆಲ್, ಸರಿಯಾದ ಒತ್ತಡ, ಸರಿಯಾದ ಸಮಯ. ಒಂದು ಕೆಜಿ ಡೀಸೆಲ್ ಪೂರ್ತಿ ಉರಿಯಲು ಹದಿನಾಲ್ಕೂವರೆ ಕೆಜಿ ಗಾಳಿ ಬೇಕು. ಲೀಟರ್ ಲೆಕ್ಕಕ್ಕೆ ತಂದರೆ, ಒಂದು ಲೀಟರ್ ಡೀಸೆಲಿಗೆ ಸುಮಾರು ಹತ್ತು ಸಾವಿರ ಲೀಟರ್ ಗಾಳಿ. ಮನೆಯ ತಾರಸಿ ಮೇಲಿನ ಸಾವಿರ ಲೀಟರಿನ ಹತ್ತು ಸಿಂಟೆಕ್ಸ್ ಟ್ಯಾಂಕುಗಳಲ್ಲಿ ಹಿಡಿಯುವಷ್ಟು. ಅಷ್ಟೂ ಗಾಳಿ ನಿಮ್ಮ ಏರ್ ಫಿಲ್ಟರಿನ ಮೂಲಕವೇ ಬರಬೇಕು, ಅಷ್ಟೂ ಹೊಗೆಯಾಗಿ ಸೈಲೆನ್ಸರ್ ಮೂಲಕವೇ ಹೊರಹೋಗಬೇಕು.

ಈ ನಾಲ್ಕರಲ್ಲಿ ಯಾವುದು ಕೈಕೊಟ್ಟಿದೆ ಎಂದು ಹೇಳುವ ಅತ್ಯಂತ ಅಗ್ಗದ ಮೀಟರ್ ಸೈಲೆನ್ಸರಿನ ತುದಿಯಲ್ಲಿದೆ. ಏರಿನಲ್ಲಿ, ಲೋಡಿನಲ್ಲಿ, ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಯಾವ ಬಣ್ಣದ ಹೊಗೆ ಬರುತ್ತದೆ ಎಂದು ಹಿಂದಿನ ಗಾಡಿಯಲ್ಲಿ ಬರುವ ಗೆಳೆಯರಿಗೆ ವಿಡಿಯೊ ಮಾಡಲು ಹೇಳಿ. ನಿಂತ ಗಾಡಿಯಲ್ಲಿ ರೇಸ್ ಕೊಟ್ಟು ನೋಡಿದರೆ ಅರ್ಧ ಸತ್ಯ ಮಾತ್ರ ತಿಳಿಯುತ್ತದೆ.

ಹೊಗೆಯೂ ಇಲ್ಲ, ಎಳೆತವೂ ಇಲ್ಲ

ಜನ ತಪ್ಪು ತಿಳಿಯುವುದು ಇಲ್ಲಿಯೇ. ಹೊಗೆ ಇಲ್ಲ ಎಂದರೆ ಎಂಜಿನ್ ಚೆನ್ನಾಗಿದೆ, ಬೇರೇನೋ ದೊಡ್ಡ ದೋಷ ಇರಬೇಕು ಎಂದುಕೊಳ್ಳುತ್ತಾರೆ. ಲೋಡಿನಲ್ಲಿ ಪೂರ್ತಿ ತುಳಿದರೂ ಹಳೆಯ ಡೀಸೆಲ್ ಗಾಡಿ ಸ್ವಲ್ಪವೂ ಕಪ್ಪು ಬಿಡದೆ, ಸುಮ್ಮನೆ ಉಸಿರುಗಟ್ಟಿದಂತೆ ನಿಧಾನವಾದರೆ, ಮೊದಲ ಅನುಮಾನ ಡೀಸೆಲ್ ಸಾಲುತ್ತಿಲ್ಲ ಎಂಬುದರ ಮೇಲೆ ಬರಬೇಕು. ಖಾಲಿ ಗಾಡಿಯಲ್ಲಿ, ಸಮ ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಅಲ್ಲಿ ಬೇಕಾಗುವುದು ಸ್ವಲ್ಪವೇ ಡೀಸೆಲ್. ಏರಿನಲ್ಲಿ ಬೇಡಿಕೆ ಎರಡು ಮೂರು ಪಟ್ಟಾದಾಗ ಕಟ್ಟಿಕೊಂಡ ಫಿಲ್ಟರ್ ಅಷ್ಟನ್ನು ಬಿಡುವುದಿಲ್ಲ. ಗಾಡಿ ಐದು ನಿಮಿಷ ನಿಂತರೆ ಮತ್ತೆ ಸರಿಹೋದಂತೆ ಕಾಣುವುದು, ಸ್ವಲ್ಪ ದೂರ ಹೋಗಿ ಮತ್ತೆ ಸೊರಗುವುದು ಈ ದೋಷದ ಸ್ವಭಾವ.

ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯನ್ನು ಒಂದೊಂದಾಗಿ ನೋಡಬೇಕು. ಮೊದಲು ಟ್ಯಾಂಕಿನ ಮುಚ್ಚಳ. ಡೀಸೆಲ್ ಖಾಲಿಯಾದಷ್ಟೂ ಒಳಗೆ ಗಾಳಿ ಬರಬೇಕು. ಅದಕ್ಕಾಗಿ ಮುಚ್ಚಳದಲ್ಲಿ ಅಥವಾ ಟ್ಯಾಂಕಿನಲ್ಲಿ ಒಂದು ಸಣ್ಣ ದಾರಿ ಇರುತ್ತದೆ. ಧೂಳಿನಿಂದ ಅದು ಮುಚ್ಚಿಹೋದರೆ, ಅಥವಾ ಕಳೆದುಹೋದ ಮುಚ್ಚಳದ ಬದಲು ಯಾವುದೋ ಬಿಗಿ ಮುಚ್ಚಳ ಹಾಕಿದ್ದರೆ, ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಡೀಸೆಲ್ ಬರುವುದೇ ಕಷ್ಟವಾಗುತ್ತದೆ. ಗಾಡಿ ಸೊರಗಿದ ಹೊತ್ತಿನಲ್ಲೇ ನಿಲ್ಲಿಸಿ ಮುಚ್ಚಳ ತೆಗೆದಾಗ ‘ಸುಸ್’ ಎಂದು ಗಾಳಿ ಒಳಗೆ ನುಗ್ಗಿದರೆ, ಆಮೇಲೆ ಗಾಡಿ ಎಳೆದರೆ, ರಿಪೇರಿ ಅಲ್ಲಿಗೇ ಮುಗಿಯಿತು.

ಆಮೇಲೆ ಟ್ಯಾಂಕಿನ ಒಳಗೆ. ಹದಿನೈದು ವರ್ಷ ಹಳೆಯ ಟ್ಯಾಂಕಿನ ತಳದಲ್ಲಿ ತುಕ್ಕು, ಕೆಸರು, ನೀರು ಇರುವುದು ಸಾಮಾನ್ಯ. ನೀರು ಡೀಸೆಲಿಗಿಂತ ಭಾರ, ತಳಕ್ಕೆ ಇಳಿಯುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತದೆ. ಆ ಲೋಳೆ ಮೊದಲು ಟ್ಯಾಂಕಿನೊಳಗಿನ ಜಾಲರಿಯನ್ನು, ನಂತರ ಫಿಲ್ಟರನ್ನು ಕಟ್ಟುತ್ತದೆ. ಹಲವು ಡೀಸೆಲ್ ಫಿಲ್ಟರುಗಳ ಕೆಳಗೆ ನೀರು ಬಿಡುವ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿ ಗಾಜಿನ ಬಾಟಲಿಗೆ ಸ್ವಲ್ಪ ಬಿಡಿ, ಅರ್ಧ ಗಂಟೆ ಹಾಗೇ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು. ಹಾಗೆ ಕಂಡಾಗ ಫಿಲ್ಟರ್ ಬದಲಿಸಿ ಸುಮ್ಮನಾದರೆ ಹದಿನೈದು ದಿನದಲ್ಲಿ ಅದೇ ಕಥೆ. ಟ್ಯಾಂಕ್ ಇಳಿಸಿ ತೊಳೆಯಲೇಬೇಕು.

ಡೀಸೆಲ್ ಸೋರದೆ ಗಾಳಿ ಮಾತ್ರ ಒಳಬರುವುದೂ ಉಂಟು. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ಲನ್ನು ಎಳೆದುಕೊಳ್ಳಲಾಗುತ್ತದೆ. ರಬ್ಬರ್ ಪೈಪ್ ಬಿರುಕು ಬಿಟ್ಟಿದ್ದರೆ ಹೊರಗೆ ಒಂದು ಹನಿಯೂ ಕಾಣದೆ ಗಾಳಿ ಗುಳ್ಳೆ ಒಳಸೇರುತ್ತದೆ. ಫಿಲ್ಟರ್ ಮೇಲಿನ ಕೈಪಂಪನ್ನು ಒತ್ತಿದಾಗ ಸ್ವಲ್ಪ ಹೊತ್ತು ಗಾಡಿ ಚುರುಕಾಗಿ ಮತ್ತೆ ಮಂಕಾದರೆ ಇದೇ ಕಾರಣ ಇರಬಹುದು. ಅನುಭವಿ ಮೆಕ್ಯಾನಿಕ್‌ಗಳು ಪಂಪಿಗೆ ಬರುವ ಪೈಪಿನ ನಡುವೆ ಪಾರದರ್ಶಕ ಪೈಪಿನ ತುಂಡು ಸೇರಿಸಿ ಗುಳ್ಳೆ ಬರುತ್ತವೆಯೇ ನೋಡುತ್ತಾರೆ. ಅಥವಾ ಟ್ಯಾಂಕ್ ಪೈಪ್ ಬಿಡಿಸಿ, ಶುದ್ಧ ಡೀಸೆಲ್ ತುಂಬಿದ ಕ್ಯಾನಿನಿಂದ ನೇರ ಹೊಸ ಫಿಲ್ಟರಿಗೆ ಕೊಟ್ಟು ನೋಡುತ್ತಾರೆ. ಕ್ಯಾನಿನಲ್ಲಿ ಎಂಜಿನ್ ಚುರುಕಾದರೆ ದೋಷ ಹಿಂದೆ ಇದೆ, ಆಗದಿದ್ದರೆ ಮುಂದೆ ಇದೆ. ದೋಷ ಇರುವ ಜಾಗವನ್ನು ಹೀಗೆ ಅರ್ಧ ಮಾಡುತ್ತಾ ಹೋಗುವುದೇ ರೋಗ ಪತ್ತೆ. ಒಂದೊಂದೇ ಬಿಡಿಭಾಗ ಬದಲಿಸುತ್ತಾ ಹೋಗುವುದು ಜೂಜು.

ಕಪ್ಪು ಹೊಗೆ: ಗಾಳಿ ಸಾಲದು

ಕಪ್ಪು ಹೊಗೆ ಎಂದರೆ ಪೂರ್ತಿ ಉರಿಯದ ಮಸಿ. ಡೀಸೆಲ್ ಬರುತ್ತಿದೆ, ಅದಕ್ಕೆ ತಕ್ಕ ಗಾಳಿ ಇಲ್ಲ, ಅಥವಾ ಇಂಜೆಕ್ಟರ್ ಮಂಜಿನಂತೆ ಸಿಂಪಡಿಸುವ ಬದಲು ಹನಿ ಸುರಿಸುತ್ತಿದೆ. ಏರ್ ಫಿಲ್ಟರ್ ಮೊದಲು ನೋಡಬೇಕಾದದ್ದು. ಇಟ್ಟಿಗೆ ಗೂಡು, ಕ್ರಷರ್, ಮಣ್ಣು ರಸ್ತೆಗಳಲ್ಲಿ ಓಡುವ ಗಾಡಿಗೆ ಕಂಪನಿ ಹೇಳಿದ ಕಿಲೋಮೀಟರ್ ಲೆಕ್ಕ ಅನ್ವಯಿಸುವುದಿಲ್ಲ, ಅದಕ್ಕಿಂತ ಬೇಗ ಕಟ್ಟುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ಪೈಪನ್ನು ಹತ್ತಿರ ಹಿಡಿದು ಊದಿಸಿದರೆ ಕಾಗದ ಹರಿದು ಧೂಳು ನೇರ ಎಂಜಿನ್ನಿಗೆ ಹೋಗುತ್ತದೆ. ‘ಫಿಲ್ಟರ್ ತೆಗೆದು ಓಡಿಸಿದರೆ ಪವರ್ ಜಾಸ್ತಿ’ ಎನ್ನುವ ವಿಡಿಯೊ ನೋಡಿದವರು ಗಮನಿಸಿ: ಫಿಲ್ಟರ್ ತೆಗೆದಾಗ ಚುರುಕಾದರೆ ನಿಮ್ಮ ಫಿಲ್ಟರ್ ಕಟ್ಟಿದೆ ಎಂದಷ್ಟೇ ಅರ್ಥ. ಹಾಗೇ ಓಡಿಸಿದರೆ ಧೂಳು ಪಿಸ್ಟನ್ ರಿಂಗುಗಳನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಇಲ್ಲದ ಬೋರ್ ಕೆಲಸವನ್ನು ಕರೆದು ತಂದಂತೆ.

ಟರ್ಬೊ ಇರುವ ಗಾಡಿಯಲ್ಲಿ ಟರ್ಬೊದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್‌ಗಳನ್ನು ಕೈಯಿಂದ ಹಿಸುಕಿ ನೋಡಿ, ಕ್ಲಿಪ್ ಸಡಿಲವಾಗಿದೆಯೇ, ಕೆಳಭಾಗದಲ್ಲಿ ಸೀಳಿದೆಯೇ. ಲೋಡಿನಲ್ಲಿ ಹೊಸದಾಗಿ ‘ಸ್ಸ್’ ಎಂಬ ಸದ್ದು, ಜೊತೆಗೆ ಕಪ್ಪು ಹೊಗೆ, ಜೊತೆಗೆ ಎಳೆತ ಇಲ್ಲ ಎಂದರೆ ಟರ್ಬೊ ಒತ್ತಿದ ಗಾಳಿ ದಾರಿಯಲ್ಲೇ ಸೋರುತ್ತಿದೆ. ಇದನ್ನು ಬಿಟ್ಟು ಟರ್ಬೊವನ್ನೇ ಬದಲಿಸಿಕೊಂಡವರು ಬೇಕಾದಷ್ಟಿದ್ದಾರೆ. ಬಿಎಸ್‌3 ನಂತರದ ಹಲವು ಗಾಡಿಗಳಲ್ಲಿರುವ ಇಜಿಆರ್ ವಾಲ್ವ್ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುತ್ತದೆ. ಮಸಿ ಕಟ್ಟಿ ಅದು ತೆರೆದೇ ಉಳಿದರೆ ಒಳ್ಳೆಯ ಗಾಳಿಯ ಜಾಗವನ್ನು ಹೊಗೆ ಆಕ್ರಮಿಸುತ್ತದೆ. ಬಿಚ್ಚಿ ತೊಳೆದರೆ ಎಷ್ಟೋ ಸಲ ಸರಿಹೋಗುತ್ತದೆ. ಶಾಶ್ವತವಾಗಿ ತಗಡು ಹೊಡೆದು ಮುಚ್ಚಿಸುವುದು ಬೇಡ. ತಯಾರಕರ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಕಲ್ಲಿಗೆ ಬಡಿದು ಜಜ್ಜಿದ ಸೈಲೆನ್ಸರ್ ಪೈಪ್, ಒಳಗೆ ಕುಸಿದ ಸೈಲೆನ್ಸರ್ ಡಬ್ಬಿ ಇವನ್ನೂ ಮರೆಯಬಾರದು. ಒಳಗಿನ ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿಗೆ ಜಾಗವೆಲ್ಲಿ?

ಪಂಪಿನ ಸ್ಕ್ರೂ ತಿರುಗಿಸುವ ‘ಸುಲಭ’ ಉಪಾಯ

ಹಳೆಯ ಮೆಕ್ಯಾನಿಕಲ್ ಪಂಪ್ ಇರುವ ಗಾಡಿಯ ಮಾಲೀಕರಿಗೆ ದಾರಿಬದಿಯಲ್ಲಿ ಸಿಗುವ ಬಲು ಆಕರ್ಷಕ ಪರಿಹಾರ ಇದು. ಪಂಪಿನ ಗರಿಷ್ಠ ಡೀಸೆಲ್ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿದರೆ ಗಾಡಿ ತಕ್ಷಣ ಚುರುಕಾದಂತೆ ಅನ್ನಿಸುತ್ತದೆ, ಐದು ನಿಮಿಷದ ಕೆಲಸ, ಖರ್ಚೂ ಕಡಿಮೆ. ಏನಾಗುತ್ತದೆ ಎಂದರೆ, ಗಾಳಿ ಇದ್ದಷ್ಟೇ ಇದ್ದು ಡೀಸೆಲ್ ಮಾತ್ರ ಹೆಚ್ಚುತ್ತದೆ. ಗಾಳಿ ಸಾಲುವವರೆಗೆ ಶಕ್ತಿ ಏರುವುದು ನಿಜ. ಅದು ಮುಗಿದ ಮೇಲೆ ಸುರಿದ ಡೀಸೆಲ್ ಮಸಿಯಾಗಿ, ಬಿಸಿಯಾಗಿ ಹೋಗುತ್ತದೆ. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ ಕರಗುವುದೇ 660 ಡಿಗ್ರಿಯಲ್ಲಿ, ಅದಕ್ಕಿಂತ ಎಷ್ಟೋ ಮೊದಲೇ ಮೆದುವಾಗತೊಡಗುತ್ತದೆ. ಉದ್ದನೆಯ ಘಾಟಿಯಲ್ಲಿ ಲೋಡು ಹೊತ್ತು ಅರ್ಧ ಗಂಟೆ ಕಪ್ಪು ಹೊಗೆ ಕಾರುತ್ತಾ ಏರಿದರೆ ಪಿಸ್ಟನ್ ತಲೆ ಬಿರುಕು ಬಿಡುವುದು, ಹೆಡ್ ಗ್ಯಾಸ್ಕೆಟ್ ಹೋಗುವುದು, ಟರ್ಬೊ ಸುಡುವುದು ಯಾವುದೂ ಆಗಬಹುದು. ಮೂಲ ದೋಷ ಕಟ್ಟಿದ ಏರ್ ಫಿಲ್ಟರ್ ಆಗಿದ್ದರಂತೂ ಇದು ಉಸಿರುಕಟ್ಟಿದವನ ಬಾಯಿಗೆ ಇನ್ನಷ್ಟು ಅನ್ನ ತುರುಕಿದ ಹಾಗೆ. ಪಂಪಿನ ಅಳತೆ ತಪ್ಪಿದೆ ಎಂಬ ಅನುಮಾನ ಇದ್ದರೆ ಪಂಪ್ ಬಿಚ್ಚಿ, ಕ್ಯಾಲಿಬ್ರೇಶನ್ ಬೆಂಚ್ ಇರುವ ಡೀಸೆಲ್ ಪಂಪ್ ಅಂಗಡಿಯಲ್ಲಿ ಕೂರಿಸಿ ಅಳೆಸಬೇಕು. ಇಂಜೆಕ್ಟರ್ ನಾಝಲ್‌ಗಳನ್ನೂ ಅಲ್ಲೇ ಪರೀಕ್ಷಿಸುತ್ತಾರೆ, ಸಿಂಪಡಣೆ ಹೇಗಿದೆ ಎಂದು ಕಣ್ಣಾರೆ ನೋಡಬಹುದು.

ಒಂದು ಎಚ್ಚರಿಕೆ ಇಲ್ಲಿ ಹೇಳಲೇಬೇಕು. ಇಂಜೆಕ್ಟರಿನಿಂದ ಚಿಮ್ಮುವ ಡೀಸೆಲಿಗೆ ಬೆರಳು ಒಡ್ಡಬೇಡಿ. ಹಳೆಯ ಪಂಪುಗಳಲ್ಲೇ ಅದರ ಒತ್ತಡ ನೂರಾರು ಬಾರ್, ಕಾಮನ್ ರೈಲ್ ಗಾಡಿಗಳಲ್ಲಿ ಸಾವಿರಕ್ಕೂ ಹೆಚ್ಚು. ಚರ್ಮವನ್ನು ಸೂಜಿಯಂತೆ ತೂರಿ ಒಳಸೇರುತ್ತದೆ. ಹೊರಗೆ ಸಣ್ಣ ಚುಕ್ಕೆ ಮಾತ್ರ ಕಂಡರೂ ಒಳಗೆ ಮಾಂಸ ಕೊಳೆತು ಬೆರಳು ಕತ್ತರಿಸಬೇಕಾಗಿ ಬರಬಹುದು. ಹಾಗಾದರೆ ನೋವಿಲ್ಲವೆಂದು ಕಾಯದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಏನಾಯಿತೆಂದು ವೈದ್ಯರಿಗೆ ಬಿಡಿಸಿ ಹೇಳಬೇಕು. ಎಂಜಿನ್ ಓಡುತ್ತಿರುವಾಗ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ನೋಡುವ ಹಳೆಯ ಪದ್ಧತಿಯನ್ನು ಕಾಮನ್ ರೈಲ್ ಗಾಡಿಯಲ್ಲಿ ಎಂದಿಗೂ ಮಾಡಬಾರದು.

‘ಬೋರ್ ಹೋಗಿದೆ’ ಎನ್ನಲು ಪುರಾವೆ ಏನು?

ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು, ಅಲ್ಲಿಂದ ಹಬೆ ಬರುವುದನ್ನು ತೋರಿಸಿ ಬೋರ್ ಹೋಗಿದೆ ಎನ್ನುವುದು ಎಲ್ಲೆಡೆ ಇರುವ ರೂಢಿ. ಇದರ ವಿಡಿಯೊಗಳೂ ಸಾಕಷ್ಟು ಹರಿದಾಡುತ್ತವೆ. ಆದರೆ ರಿಂಗುಗಳು ಎಷ್ಟೇ ಹೊಸದಾಗಿದ್ದರೂ ಸ್ವಲ್ಪ ಅನಿಲ ಅವುಗಳನ್ನು ದಾಟಿ ಕೆಳಗೆ ಬಂದೇ ಬರುತ್ತದೆ. ಅದು ಹೊರಹೋಗಲೆಂದೇ ಎಂಜಿನ್ನಿನಲ್ಲಿ ಬ್ರೀದರ್ ಪೈಪ್ ಇದೆ. ಬಿಸಿ ಆಯಿಲ್‌ನ ತೆಳು ಹಬೆ ರೋಗದ ಲಕ್ಷಣವಲ್ಲ. ರೈಲ್ವೆ ಎಂಜಿನ್ನಿನಂತೆ ಭಸಭಸನೆ ಒತ್ತಡದಿಂದ ಬಂದರೆ, ಡಿಪ್‌ಸ್ಟಿಕ್ ಮೇಲೇಳುವಷ್ಟು ಬಂದರೆ ಅದು ಬೇರೆ.

ನಿಜವಾಗಿ ರಿಂಗು, ಲೈನರ್ ಸವೆದಾಗ ಲಕ್ಷಣಗಳು ಗುಂಪಾಗಿ ಬರುತ್ತವೆ. ಬೆಳಗ್ಗೆ ತಣ್ಣನೆ ಎಂಜಿನ್ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಏಕೆಂದರೆ ಒತ್ತಡ ಕಡಿಮೆಯಾದರೆ ಗಾಳಿ ಸಾಕಷ್ಟು ಕಾಯುವುದಿಲ್ಲ. ಸ್ಟಾರ್ಟ್ ಆದ ಮೇಲೆ ಕೆಲ ನಿಮಿಷ ಕಣ್ಣು ಉರಿಸುವ ಬಿಳಿ ಹೊಗೆ ಬರುತ್ತದೆ, ಅದು ಉರಿಯದ ಡೀಸೆಲ್. ಆಯಿಲ್ ಬೇಗ ಕಡಿಮೆಯಾಗುತ್ತದೆ, ಹೊಗೆಗೆ ನೀಲಿ ಛಾಯೆ ಬರುತ್ತದೆ. ಮಾಗಿಯ ಬೆಳಗಿನಲ್ಲೂ ಒಂದೇ ಕ್ರ್ಯಾಂಕಿಗೆ ಸ್ಟಾರ್ಟ್ ಆಗುವ, ಆಯಿಲ್ ಕುಡಿಯದ ಗಾಡಿಗೆ ಯಾರಾದರೂ ಬೋರ್ ಹೋಗಿದೆ ಎಂದರೆ, ಕಂಪ್ರೆಷನ್ ರೀಡಿಂಗ್ ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಬಿಳಿ ಹೊಗೆಗೆ ಇನ್ನೊಂದು ಮೂಲವೂ ಇದೆ: ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಸಿಲಿಂಡರಿಗೆ ಬರುವುದು. ಆಗ ರೇಡಿಯೇಟರ್ ನೀರು ಕಾರಣವಿಲ್ಲದೆ ಇಳಿಯುತ್ತದೆ, ಎಂಜಿನ್ ಕಾಯುತ್ತದೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬಾರದು ಎಂದು ಬೇರೆ ಹೇಳಬೇಕಿಲ್ಲ.

ಕಂಪ್ರೆಷನ್ ಪರೀಕ್ಷೆಗೆ ಎಂಜಿನ್ ಇಳಿಸಬೇಕಾಗಿಲ್ಲ. ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ ಆ ತೂತಿಗೆ ಗೇಜ್ ಕೂರಿಸಿ, ಡೀಸೆಲ್ ಸರಬರಾಜು ನಿಲ್ಲಿಸಿ ಕ್ರ್ಯಾಂಕ್ ಮಾಡುತ್ತಾರೆ. ಆರೋಗ್ಯವಾಗಿರುವ ಡೀಸೆಲ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 25ರಿಂದ 30 ಬಾರ್ ಬರುತ್ತದೆ. ಕಾರಿನ ಟೈರಿನಲ್ಲಿರುವ ಒತ್ತಡದ ಹನ್ನೆರಡು ಹದಿನೈದು ಪಟ್ಟು. ಪೆಟ್ರೋಲ್ ಎಂಜಿನ್ನಿನ ಗೇಜ್ ಇದಕ್ಕೆ ನಡೆಯದು. ಎಲ್ಲ ಸಿಲಿಂಡರುಗಳೂ ಹತ್ತಿರ ಹತ್ತಿರ ಇವೆಯೇ ಎಂಬುದು ಒಂದೊಂದರ ಅಂಕಿಯಷ್ಟೇ ಮುಖ್ಯ. ನಾಲ್ಕರಲ್ಲಿ ಒಂದು ಮಾತ್ರ ಬಿದ್ದಿದ್ದರೆ ಅದು ವಾಲ್ವ್ ಅಥವಾ ಗ್ಯಾಸ್ಕೆಟ್ ದೋಷವಿದ್ದು ಹೆಡ್ ಕೆಲಸದಲ್ಲೇ ಮುಗಿಯಬಹುದು. ವಾಲ್ವ್ ಕ್ಲಿಯರೆನ್ಸ್ ತಪ್ಪಿದ್ದರೂ ರೀಡಿಂಗ್ ಇಳಿಯುತ್ತದೆ, ಅದಕ್ಕೆ ಫೀಲರ್ ಗೇಜ್ ಹಿಡಿದು ಒಂದು ಪೂರ್ವಾಹ್ನ ಕೂತರೆ ಸಾಕು. ರೀಡಿಂಗನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಎರಡನೇ ಗ್ಯಾರೇಜಿನ ಅಭಿಪ್ರಾಯ ಕೇಳುವಾಗ ಉಪಯೋಗಕ್ಕೆ ಬರುತ್ತದೆ.

ದೋಷ ಇತ್ತೀಚಿನ ಯಾವುದೋ ಕೆಲಸದ ಮರುದಿನದಿಂದಲೇ ಶುರುವಾಗಿದ್ದರೆ, ಆ ಕೆಲಸವನ್ನೇ ಮೊದಲು ಅನುಮಾನಿಸಿ. ಟೈಮಿಂಗ್ ಬೆಲ್ಟ್ ಅಥವಾ ಪಂಪ್ ಬಿಚ್ಚಿ ಕೂರಿಸುವಾಗ ಒಂದು ಹಲ್ಲು ತಪ್ಪಿದರೂ ಡೀಸೆಲ್ ತಪ್ಪು ಸಮಯಕ್ಕೆ ಸಿಡಿಯುತ್ತದೆ.

ಸೆನ್ಸರ್ ಇರುವ ಗಾಡಿಯಾದರೆ

ಕಾಮನ್ ರೈಲ್ ಗಾಡಿಗಳಲ್ಲಿ ಕಂಪ್ಯೂಟರ್ ಯಾವುದೋ ಸೆನ್ಸರಿನ ಸಂಕೇತ ತಪ್ಪಾಗಿದೆ ಎಂದು ಕಂಡರೆ ಎಂಜಿನ್ ಉಳಿಸಿಕೊಳ್ಳಲು ತಾನೇ ಶಕ್ತಿ ಇಳಿಸುತ್ತದೆ. ಇದನ್ನು ಲಿಂಪ್ ಮೋಡ್ ಎನ್ನುತ್ತಾರೆ. ಚೆಕ್ ಎಂಜಿನ್ ದೀಪ ಉರಿಯುತ್ತದೆ, ಗಾಡಿ ಒಂದು ಆರ್‌ಪಿಎಂ ದಾಟುವುದಿಲ್ಲ. ಬ್ಯಾಟರಿ ತಂತಿ ಕಳಚಿ ಹತ್ತು ನಿಮಿಷ ಬಿಟ್ಟರೆ ಸರಿಹೋಗುತ್ತದೆ ಎಂಬ ಫಾರ್ವರ್ಡ್ ಅರ್ಧ ಮಾತ್ರ ನಿಜ. ಕೆಲವು ಗಾಡಿಗಳಲ್ಲಿ ದೀಪ ಆರುತ್ತದೆ, ಜೊತೆಗೆ ದೋಷ ಯಾವುದು ಎಂಬ ದಾಖಲೆಯೂ ಅಳಿಸುತ್ತದೆ. ಜ್ವರದ ರೋಗಿಯ ಥರ್ಮಾಮೀಟರ್ ಒಡೆದಂತೆ. ಮೊದಲು ಸ್ಕ್ಯಾನರ್ ಹಾಕಿಸಿ ಕೋಡ್ ಬರೆದುಕೊಳ್ಳಬೇಕು. ಕೋಡ್ ತೋರಿಸುವುದು ದೋಷದ ಬೀದಿಯನ್ನು, ಮನೆ ನಂಬರನ್ನಲ್ಲ. ರೈಲ್ ಪ್ರೆಷರ್ ಕಡಿಮೆ ಎಂಬ ಕೋಡ್ ಬಂದರೆ ಸೆನ್ಸರ್ ಕೆಟ್ಟಿರಬಹುದು, ಪಂಪ್ ಕೆಟ್ಟಿರಬಹುದು, ಕೊನೆಗೆ ಅದೇ ಕಟ್ಟಿದ ಡೀಸೆಲ್ ಫಿಲ್ಟರೂ ಆಗಿರಬಹುದು.

ಫಾರ್ವರ್ಡುಗಳ ಲೆಕ್ಕ

ನ್ಯಾಫ್ತಲೀನ್ ಗುಂಡಿನ ಕಥೆ ತಮಾಷೆಯಾಗಿದೆ. ಡೀಸೆಲ್ ಎಷ್ಟು ಸುಲಭವಾಗಿ ತಾನಾಗಿ ಹೊತ್ತಿಕೊಳ್ಳುತ್ತದೆ ಎಂಬುದನ್ನು ಸೀಟೇನ್ ಸಂಖ್ಯೆಯಲ್ಲಿ ಅಳೆಯುತ್ತಾರೆ. ಈ ಅಳತೆಗೋಲನ್ನು ರೂಪಿಸಿದಾಗ ಚೆನ್ನಾಗಿ ಹೊತ್ತುವ ಸೀಟೇನಿಗೆ 100 ಕೊಟ್ಟರು. ಹೊತ್ತಿಕೊಳ್ಳಲು ಮೊಂಡು ಹಿಡಿಯುವ ವಸ್ತುವಾಗಿ ಸೊನ್ನೆ ಅಂಕ ಕೊಟ್ಟದ್ದು ಮೀಥೈಲ್ ನ್ಯಾಫ್ತಲೀನಿಗೆ, ಅಂದರೆ ನ್ಯಾಫ್ತಲೀನಿನ ಸೋದರ ಸಂಬಂಧಿಗೆ! ಬೀರುವಿನ ಗುಂಡನ್ನು ಡೀಸೆಲಿಗೆ ಹಾಕುವುದೆಂದರೆ ಒಲೆಗೆ ಹಸಿ ಸೌದೆ ಹಾಕಿದಂತೆ. ನಾಲ್ಕು ಗುಂಡಿನಿಂದ ಐವತ್ತು ಲೀಟರಿಗೆ ದೊಡ್ಡ ವ್ಯತ್ಯಾಸವೇನೂ ಆಗದು, ಆದರೆ ಆಗುವ ಅಷ್ಟಿಷ್ಟೂ ತಪ್ಪು ದಿಕ್ಕಿನಲ್ಲಿ.

ಪೆಟ್ರೋಲ್, ಸೀಮೆಎಣ್ಣೆ ಬೆರೆಸುವುದು ಅಷ್ಟು ತಮಾಷೆಯದಲ್ಲ. ಡೀಸೆಲ್ ಪಂಪಿನ ಒಳಭಾಗಗಳಿಗೆ ಎಣ್ಣೆ ಹಾಕುವುದು ಡೀಸೆಲ್ಲೇ. ಎರಡೂ ಅದಕ್ಕಿಂತ ತೆಳು, ಜಿಡ್ಡಿಲ್ಲದವು. ಪಂಪು, ಇಂಜೆಕ್ಟರ್ ಒಣಗಿ ಉಜ್ಜಿ ಸವೆಯುತ್ತವೆ. ಸೀಮೆಎಣ್ಣೆ ಡೀಸೆಲಿಗಿಂತ ಹಗುರ, ಲೀಟರಿಗೆ ಸಿಗುವ ಶಕ್ತಿಯೂ ಸ್ವಲ್ಪ ಕಡಿಮೆ. ಹಾಗಾಗಿ ಪವರ್ ಏರುವ ಪ್ರಶ್ನೆಯೇ ಇಲ್ಲ. ಪೆಟ್ರೋಲಿನಲ್ಲಿ ಇನ್ನೂ ದೊಡ್ಡ ಅಪಾಯ ಇದೆ. ಮೈನಸ್ 40 ಡಿಗ್ರಿಯ ಆಸುಪಾಸಿನಲ್ಲೇ ಅದರ ಆವಿ ಕಿಡಿಗೆ ಹೊತ್ತಿಕೊಳ್ಳಬಲ್ಲದು, ಡೀಸೆಲಿನದು ಕನಿಷ್ಠ 35 ಡಿಗ್ರಿ ದಾಟಬೇಕು. ಸ್ವಲ್ಪ ಪೆಟ್ರೋಲ್ ಬೆರೆತರೂ ಡೀಸೆಲ್ ಟ್ಯಾಂಕಿನ ಆ ಸುರಕ್ಷತೆ ಹೋಗುತ್ತದೆ.

ಅಯಸ್ಕಾಂತಕ್ಕೆ ಡೀಸೆಲ್ ಅಂಟುವುದಿಲ್ಲ, ಅದರ ಉರಿಯುವ ಗುಣವೂ ಬದಲಾಗುವುದಿಲ್ಲ. ನೀರಿನಿಂದ ಹೈಡ್ರೋಜನ್ ತೆಗೆದು ಎಂಜಿನ್ನಿಗೆ ಕೊಡುವ ಕಿಟ್‌ಗಳಿಗೆ ಕರೆಂಟು ಬೇಕು, ಅದು ಬರುವುದು ಆಲ್ಟರ್ನೇಟರಿನಿಂದ, ಅದನ್ನು ತಿರುಗಿಸುವುದು ಅದೇ ಎಂಜಿನ್. ಒಂದು ಜೇಬಿನಿಂದ ತೆಗೆದು, ದಾರಿಯಲ್ಲಿ ಸ್ವಲ್ಪ ಚೆಲ್ಲಿ, ಇನ್ನೊಂದು ಜೇಬಿಗೆ ಹಾಕಿದ ವ್ಯವಹಾರ. ಬಾಟಲಿಯಲ್ಲಿ ಬರುವ ಇಂಜೆಕ್ಟರ್ ಕ್ಲೀನರುಗಳಲ್ಲಿ ಒಳ್ಳೆಯವು ಸ್ವಲ್ಪ ಮಸಿ ತೊಳೆಯಬಲ್ಲವು. ಸವೆದ ನಾಝಲನ್ನು, ಹರಿದ ಹೋಸನ್ನು ಅವು ಸರಿಮಾಡಲಾರವು.

ಗ್ಯಾರೇಜಿಗೆ ಹೋಗುವಾಗ ಮೆಕ್ಯಾನಿಕ್‌ಗೆ ‘ಗಾಡಿ ಎಳೀತಿಲ್ಲ’ ಎಂದಷ್ಟೇ ಹೇಳಬೇಡಿ. ಯಾವತ್ತಿನಿಂದ, ಒಮ್ಮೆಲೇ ಆಯಿತೋ ನಿಧಾನವಾಗಿ ಬಂತೋ, ಖಾಲಿಯಲ್ಲೂ ಇದೆಯೋ ಲೋಡಿನಲ್ಲಿ ಮಾತ್ರವೋ, ಹೊಗೆ ಯಾವ ಬಣ್ಣ, ಬೆಳಗ್ಗೆ ಸ್ಟಾರ್ಟ್ ಹೇಗೆ, ಕೊನೆಯ ಸಲ ಡೀಸೆಲ್ ಫಿಲ್ಟರ್ ಬದಲಿಸಿದ್ದು ಎಷ್ಟು ಕಿಲೋಮೀಟರಿಗೆ ಎಂಬುದನ್ನು ಹೇಳಿ, ಏರಿನ ವಿಡಿಯೊ ತೋರಿಸಿ. ಒಮ್ಮೆಲೇ ಬಂದ ದೋಷ ಪೈಪು, ಹೋಸು, ಕೇಬಲು, ನೀರು ಸೇರಿದ ಡೀಸೆಲ್ ಇಂಥ ಕಡೆ ಇರುವುದೇ ಹೆಚ್ಚು. ಬೋರ್ ಒಂದೇ ರಾತ್ರಿಯಲ್ಲಿ ಸವೆಯುವುದಿಲ್ಲ, ಅದಕ್ಕೆ ವರ್ಷಗಳೇ ಹಿಡಿಯುತ್ತವೆ.